ರೆಪ್ಪೆಗೂದಲು, ಗಾಜಿನ ಅಲಗು, ಒಂದು ದೈತ್ಯಕೋಶ

ಮರದ ಕಡ್ಡಿಯ ತುದಿಗೆ ಅಂಟಿಸಿದ ಒಂದು ರೆಪ್ಪೆಗೂದಲು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪ್ರಯೋಗಾಲಯಗಳಲ್ಲಿ ಪಳಗಿದ ಹಳಬರಿಗೆ ಇದೂ ಒಂದು ಉಪಕರಣವೇ. ರಾಳದಲ್ಲಿ ಹುದುಗಿಸಿ ಗಟ್ಟಿಯಾಗಿಸಿದ ಅಸ್ಥಿಮಜ್ಜೆಯನ್ನು ಗಾಜಿನ ಅಲಗಿನಿಂದ ಹೆರೆದರೆ ತೆಳುಪದರಗಳು ನೀರಿನ ಮೇಲೆ ತೇಲುತ್ತಿದ್ದವು. ಬಂಗಾರದ ಬಣ್ಣ ಹೊಳೆದರೆ ದಪ್ಪವಾಯಿತೆಂದು ಲೆಕ್ಕ. ಬೆಳ್ಳಿಯಂತೆ ಕಂಡರೆ ಹದ, ಅಂದರೆ ಸುಮಾರು 70 ನ್ಯಾನೊಮೀಟರ್. ಅದನ್ನು ರೆಪ್ಪೆಗೂದಲಿನಿಂದ ಮೆಲ್ಲನೆ ಸರಿಸಿ, 3 ಮಿಲಿಮೀಟರ್ ಅಗಲದ ತಾಮ್ರದ ಜಾಲರಿಗೆ ಎತ್ತಿಕೊಳ್ಳಬೇಕು. ಉಸಿರು ತುಸು ಜೋರಾದರೂ ಕೆಲಸ ಕೆಟ್ಟಿತು.

ಕತ್ತಲ ಕೋಣೆಯ ಹಸಿರು ಪರದೆಯಲ್ಲಿ ಅವರು ಹುಡುಕುತ್ತಿದ್ದುದು ಮಜ್ಜೆಯ ದೈತ್ಯಕೋಶವಾದ ಮೆಗಾಕ್ಯಾರಿಯೊಸೈಟನ್ನು. ಪ್ಲೇಟ್‌ಲೆಟ್‌ಗಳು ಹುಟ್ಟುವುದು ಈ ಕೋಶದಿಂದಲೇ ಎಂದು ಬಾಸ್ಟನ್ನಿನ ಜೇಮ್ಸ್ ಹೋಮರ್ ರೈಟ್ 1906ರಲ್ಲೇ ಹೇಳಿದ್ದರು. ಹೇಗೆ ಹುಟ್ಟುತ್ತವೆ ಎಂಬುದು ಉಳಿದ ಪ್ರಶ್ನೆ. 50 ಮೈಕ್ರೊಮೀಟರ್ ಗಾತ್ರದ ಒಂದು ಕೋಶವನ್ನು ಪೂರ್ತಿ ನೋಡಬೇಕೆಂದರೆ 700 ಪದರ ಹೆರೆಯಬೇಕು!

1957ರಲ್ಲಿ ಯಮಾಡಾ ಇಲಿಯ ಗುಲ್ಮದಲ್ಲಿದ್ದ ಇಂಥ ಕೋಶಗಳೊಳಗೆ ಪೊರೆಗಳ ದಟ್ಟ ಜಾಲವನ್ನು ವಿವರಿಸಿದರು. ಆ ಗೆರೆಗಳ ಗುಂಟ ಕೋಶ ಒಡೆದು ಪ್ಲೇಟ್‌ಲೆಟ್‌ಗಳಾಗುತ್ತದೆ ಎಂಬ ನಂಬಿಕೆ ಬೆಳೆಯಿತು. 1976ರಲ್ಲಿ ಬೆಕರ್ ಮತ್ತು ಡಿ ಬ್ರೂಯಿನ್ ಸ್ಕ್ಯಾನಿಂಗ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡದ್ದೇ ಬೇರೆ: ಕೋಶವು ರಕ್ತನಾಳದ ಗೋಡೆ ತೂರಿ ಉದ್ದನೆಯ ತೋಳುಗಳನ್ನು ಚಾಚಿತ್ತು. ಪೊರೆಯ ಜಾಲವು ಆ ತೋಳುಗಳಿಗಾಗಿ ಕೂಡಿಟ್ಟ ದಾಸ್ತಾನು ಎಂಬ ತಿಳಿವಳಿಕೆ ಆಮೇಲೆ ಗಟ್ಟಿಯಾಯಿತು. ಹಿಂದಿನವರ ಕಣ್ಣು ತಪ್ಪಿರಲಿಲ್ಲ. ಉದ್ದ ತೋಳನ್ನು ಅಡ್ಡ ಕೊಯ್ದರೆ ಪದರದಲ್ಲಿ ಕಾಣುವುದು ಬಿಡಿ ವೃತ್ತವೇ ತಾನೆ?

ಆಸ್ಪತ್ರೆಗೂ ಈ ವಿದ್ಯೆ ಬೇಕಾಯಿತು. ಫ್ರಾನ್ಸಿನ ಜಾನೀನ್ ಬ್ರೆಟನ್-ಗೋರಿಯಸ್ 1972ರಲ್ಲಿ ಈ ಕೋಶಗಳೊಳಗೆ ಒಂದು ಪೆರಾಕ್ಸಿಡೇಸ್ ಕಿಣ್ವದ ನೆಲೆಯನ್ನು ಗುರುತಿಸಿದರು. ಇನ್ನೂ ಬಲಿಯದ, ಬೇರಾವ ಲಕ್ಷಣವೂ ಕಾಣದ ಕೋಶವನ್ನು ಆ ಕಪ್ಪು ಗುರುತು ಹಿಡಿದುಕೊಡುತ್ತಿತ್ತು. 1985ರಲ್ಲಿ, ಈ ಕೋಶಗಳದ್ದೇ ಆದ ಎಂ7 ಬಗೆಯ ರಕ್ತ ಕ್ಯಾನ್ಸರಿನ ಪತ್ತೆಗೆ ಅದೂ ಒಂದು ಸಾಕ್ಷಿಯಾಯಿತು.

ಆಮೇಲೆ ಫ್ಲೋ ಸೈಟೋಮೀಟರ್ ಬಂತು. ದಿನಗಟ್ಟಲೆ ಹಿಡಿಯುತ್ತಿದ್ದ ಗುರುತಿಸುವಿಕೆಯನ್ನು ಕೋಶದ ಮೈಮೇಲಿನ ಸಿಡಿ41, ಸಿಡಿ61 ಗುರುತುಗಳಿಗೆ ಅಂಟುವ ಪ್ರತಿಕಾಯಗಳು ಕೆಲವೇ ಗಂಟೆಗಳಿಗೆ ಇಳಿಸಿದವು. ಫೋಟೊ ಫಿಲ್ಮು ಹೋಗಿ ಡಿಜಿಟಲ್ ಕ್ಯಾಮೆರಾ ಬಂತು. ಈಗ ಅಯಾನು ಕಿರಣವೇ ಕೋಶವನ್ನು ಪದರಪದರವಾಗಿ ಕೆತ್ತುತ್ತದೆ, ಕಂಪ್ಯೂಟರ್ ಅದನ್ನು ಮೂರು ಆಯಾಮದಲ್ಲಿ ಜೋಡಿಸುತ್ತದೆ.

ಆದರೂ ಹರ್ಮಾನ್‌ಸ್ಕಿ-ಪುಡ್ಲಾಕ್ ಎಂಬ ಆನುವಂಶಿಕ ಪ್ಲೇಟ್‌ಲೆಟ್ ಕಾಯಿಲೆಯ ಶಂಕೆ ಬಂದಾಗ ವೈದ್ಯರು ಇಂದಿಗೂ ಹಳೆಯ ದಾರಿಯನ್ನೇ ಹಿಡಿಯುತ್ತಾರೆ: ಪ್ಲೇಟ್‌ಲೆಟ್‌ಗಳನ್ನು ಬಣ್ಣ ಹಾಕದೆ ಜಾಲರಿಯ ಮೇಲಿಟ್ಟು, ಒಳಗಿನ ಕಪ್ಪು ಕಣಗಳು ಇವೆಯೋ ಇಲ್ಲವೋ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಣಿಸಿ ನೋಡುತ್ತಾರೆ.