ಟೈಲಿನ ಹಿಂದಿನ ಹಲಗೆ

ಇಟ್ಟಿಗೆಯ ಗೋಡೆಗೆ ಗಾರೆ ಮೆತ್ತಿ ಅದರ ಮೇಲೆ ಟೈಲು ಕೂರಿಸಿದ ಬಚ್ಚಲುಮನೆಯಲ್ಲಿ ಚೊಂಬು ಚೊಂಬು ನೀರು ಸುರಿದುಕೊಂಡು ಬೆಳೆದ ನಮ್ಮವರು, ಅಮೆರಿಕೆಯಲ್ಲಿ ಮನೆ ಕೊಂಡು ಅದರ ಹಳೆಯ ಸ್ನಾನಗೃಹದ ಜೀರ್ಣೋದ್ಧಾರಕ್ಕೆ ಕೈಯಿಕ್ಕಿದಾಗ ಮೊಟ್ಟಮೊದಲು ಬೆರಗಾಗುವುದು ಅಲ್ಲಿ ಗೋಡೆಯೆಂಬ ಪದಾರ್ಥವೇ ಇಲ್ಲವೆಂಬುದಕ್ಕೆ. 16 ಅಂಗುಲಕ್ಕೊಂದರಂತೆ ನಿಲ್ಲಿಸಿದ ಮರದ ಕಂಬಿಗಳು, ನಡುವೆ ಟೊಳ್ಳು, ಮೇಲೊಂದು ಹಲಗೆ, ಇಷ್ಟೇ.

ಆ ಹಲಗೆ ಸಾಮಾನ್ಯವಾಗಿ ಎರಡು ಕಾಗದಗಳ ನಡುವೆ ಜಿಪ್ಸಂ ತುಂಬಿದ ಡ್ರೈವಾಲ್. ಮಲಗುವ ಕೋಣೆಗೆ ಅದು ಧಾರಾಳವಾಗಿ ಸಾಕು. ಷವರಿನ ಕೆಳಗಾದರೋ ಕಾಗದಕ್ಕೆ ಬೂಷ್ಟು ಹಿಡಿದು, ಜಿಪ್ಸಂ ಚಹದಲ್ಲಿ ಅದ್ದಿದ ರಸ್ಕಿನಂತಾಗುತ್ತದೆ. ಹಸಿರು ಕಾಗದ ಹೊದ್ದ, ತೇವವನ್ನು ಕೊಂಚ ಹೆಚ್ಚು ಸಹಿಸುವ ಅದರ ಸೋದರನಿಗೆ ಬಹುಕಾಲ ಸ್ನಾನಗೃಹದಲ್ಲಿ ಮನ್ನಣೆಯಿದ್ದಿತು. ಅಲ್ಲಿನ ವಸತಿ ಕಟ್ಟಡಗಳ ಮಾದರಿ ಸಂಹಿತೆಯ 2006ರ ಆವೃತ್ತಿ ಷವರಿನ ಟೈಲಿಗೆ ಆಧಾರವಾಗುವ ಹಲಗೆಗಳ ಪಂಕ್ತಿಯಿಂದ ಅದನ್ನು ಎಬ್ಬಿಸಿಬಿಟ್ಟಿತು.

ಹಾಗಾದರೆ ಸಿಮೆಂಟ್ ಬೋರ್ಡ್ ತಂದರಾಯಿತೆಂದು ನಿಶ್ಚಿಂತರಾಗುವವರುಂಟು. ನೆನೆದರೂ ಕೆಡದಿರುವ ಗುಣ ಬೇರೆ, ನೀರನ್ನು ಆಚೆಗೆ ಬಿಡದಿರುವ ಗುಣ ಬೇರೆ. ಸಿಮೆಂಟ್ ಬೋರ್ಡಿಗಿರುವುದು ಮೊದಲನೆಯದು ಮಾತ್ರ. ಟೈಲು ತಡೆದರೂ ಸಂದಿನ ಗ್ರೌಟು ತಡೆಯದಾಗಿ, ಒಳನುಸುಳಿದ ನೀರು ಬೋರ್ಡನ್ನು ಹಾದು, ಅದಕ್ಕೆ ಯಾವ ಹಾನಿಯನ್ನೂ ಮಾಡದೆ, ಹಿಂದಿನ ಮರವನ್ನು ಸಾವಕಾಶವಾಗಿ ಕೊಳೆಯಿಸುತ್ತದೆ. ಆದಕಾರಣ ತಡೆಯೊಂದನ್ನು ಬೇರೆಯಾಗಿಯೇ ಒದಗಿಸತಕ್ಕದ್ದು: ಕಂಬಿಗಳ ಮೇಲೆ ಪ್ಲಾಸ್ಟಿಕ್ ಹಾಳೆ, ಇಲ್ಲವೆ ಬೋರ್ಡಿನ ಮುಖಕ್ಕೆ ಬಳಿಯುವ, ಒಣಗಿದರೆ ರಬ್ಬರಿನ ಪೊರೆಯಾಗುವ ಲೇಪ. ಭಯಸ್ಥರು ಎರಡನ್ನೂ ಮಾಡಿ, ನಡುವೆ ಸಿಕ್ಕಿದ ತೇವಕ್ಕೆ ಯಾವ ಕಡೆಗೂ ದಾರಿಯಿಲ್ಲದಂತೆ ಮಾಡುತ್ತಾರೆ. ನನ್ನ ಒಲವು ಲೇಪದ ಕಡೆಗೆ. ಟೈಲಿನ ಬೆನ್ನಿಗೇ ನಿಲ್ಲಿಸಬಹುದಾದ ನೀರನ್ನು ಹಲಗೆಯ ಆಚೆಯವರೆಗೆ ಬರಗೊಡುವುದೇಕೆ?

ಕೆಲಸದಲ್ಲಿ ಕಣ್ಣಿಟ್ಟು ನೋಡಬೇಕಾದ ಸ್ಥಳಗಳು ಸಂದು ಮತ್ತು ಬುಡ. ಎರಡು ಹಲಗೆಗಳು ಕೂಡುವಲ್ಲಿ, ಸಿಮೆಂಟಿನ ಕ್ಷಾರವನ್ನು ತಾಳುವ ಗಾಜಿನೆಳೆಯ ಜಾಲರಿಪಟ್ಟಿಯನ್ನು ಅಂಟಿಸಿ, ಟೈಲು ಕೂರಿಸುವ ಥಿನ್‌ಸೆಟ್ ಗಾರೆಯಿಂದಲೇ ತುಂಬಬೇಕು. ಡ್ರೈವಾಲಿನ ಪಟ್ಟಿ ಕೈಗೆ ಸಿಕ್ಕಿತೆಂದು ಅದನ್ನು ಬಳಸಿದರೆ ಕ್ಷಾರ ಅದನ್ನು ತಿಂದುಹಾಕುತ್ತದೆ. ಬುಡದಲ್ಲಿ ಕಾಲು ಅಂಗುಲ ಬಿಡುವಿರಬೇಕು, ಏಕೆಂದರೆ ಸಿಮೆಂಟು ನೀರನ್ನು ಮೇಲಕ್ಕೆ ಹೀರುತ್ತದೆ.

ಈಚೆಗೆ ಬಂದ ಪಾಲಿಸ್ಟೈರೀನ್ ಫೋಮಿನ ಹಲಗೆ ತಾನೇ ನೀರನ್ನು ತಡೆಯುವಂಥದು. ಸಂದುಗಳನ್ನೂ ತಿರುಪುಗಳ ತಲೆಗಳನ್ನೂ ನೀರು ನುಸುಳದಂತೆ ಮುಚ್ಚಿದರೆ ಪ್ರತ್ಯೇಕ ಲೇಪ ಬೇಡ. ಸಿಮೆಂಟ್ ಬೋರ್ಡನ್ನು ಗೀರಿ ಮುರಿಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಅಹಿತ. ಫೋಮಿನ ಹಲಗೆಯನ್ನಾದರೋ ಸಾಧಾರಣ ಚಾಕುವಿನಿಂದ ಕೊಯ್ಯಬಹುದು. ಬೆಲೆ ಮಾತ್ರ ಬಲು ಹೆಚ್ಚು. ಆದರೂ ಸಿಮೆಂಟ್ ಬೋರ್ಡಿನ ಇನ್ನೊಂದು ತುದಿ ಹಿಡಿದು ಮಹಡಿಗೆ ಹತ್ತಿಸಲು ಭಾವಮೈದುನನೋ ಅಳಿಯನೋ ಮನೆಯಲ್ಲಿಲ್ಲದವನು ಆ ಬೆಲೆ ತೆತ್ತುಬಿಡುವುದು ಲೇಸು.