ರೊಟ್ಟಿ ಲೆಕ್ಕ

ನಮ್ಮ ಹುಬ್ಬಳ್ಳ್ಯಾಗ ಖಡಕ್ ರೊಟ್ಟಿ ಸಿಗಲಾರದ ಓಣಿ ಇಲ್ಲ. ಆದ್ರ ಆ ರೊಟ್ಟಿ ಬಡದಾಕಿ ಕೈಯಾಗ ಎಷ್ಟ ಉಳೀತದ ಅಂತ ಯಾರೂ ಕೇಳಂಗಿಲ್ಲ ನೋಡ್ರಿ.

ಹೋದ ವರ್ಷ ನಮ್ಮ ಮನಿಗೆ ಭಾಂಡೆ ತಿಕ್ಕಲಿಕ್ಕೆ ಬರೋಾಕಿ ತನ್ನ ಓಣ್ಯಾಗಿನ ಒಬ್ಬಾಕಿನ್ನ ಕರಕೊಂಡ ಬಂದ್ಲು. ರೈಲ್ವೆ ಲೈನಿನ ಬಾಜೂಕ ಸ್ಲಂನ್ಯಾಗ ತಗಡಿನ ಮನಿ. ಇನ್ನೂ ಮೂವತ್ತ ತುಂಬಿಲ್ಲ, ಎರಡ ಮಕ್ಕಳು. ಗೋವಾಕ್ಕ ದುಡೀಲಿಕ್ಕೆ ಹೋದ ಗಂಡ ಅಲ್ಲೇ ಇನ್ನೊಂದ ಸಂಸಾರ ಹೂಡ್ಯಾನ. ಹೋಗೋ ಮುಂದ ಇಕಿ ಹೆಸರಲೇ ಸಾಲಾ ಎತ್ತಿಸಿ ತಾ ರೊಕ್ಕ ಒಯ್ದಾನ. ವಾರಕ್ಕ 550 ರೂಪಾಯಿ ಕಂತು ಇಕಿ ಕೊರಳಿಗೆ.

"ಅಕ್ಕಾರ, ಎಲ್ಲೆರೆ ಒಂದ್ ಕೆಲಸಾ ಕೊಡಸ್ರಿ" ಅಂದ್ಲು. ಈಗೇನ ಮಾಡ್ತೀಯವ್ವಾ ಅಂದ್ರ, "ದಿನಾ ನೂರ್ ರೊಟ್ಟಿ ಮಾಡಿ ಅಂಗಡಿಗೆ ಕೊಡ್ತೀನ್ರಿ" ಅಂದ್ಲು. ನೂರು ರೊಟ್ಟಿ ಅಂದ್ರ ಹುಡುಗಾಟೇನ? ಕೈಯಾಗ ಇಷ್ಟು ಕಸುವು ಇದ್ದಾಕಿಗೆ ಮತ್ತ್ಯಾಕ ಬ್ಯಾರೆ ಕೆಲಸಾ?

ನಮ್ಮ ಮನ್ಯಾವರು "ಪಾಪ, ಐದ ಸಾವಿರ ಕೊಟ್ಟ ಕಳಸು" ಅಂದ್ರು. ಅವರದು ಯಾವಾಗ್ಲೂ ಹಂಗ, ಕೊಟ್ಟು ಕೈ ತೊಳಕೊಂಡ ಬಿಡಬೇಕು. ಆ ರೊಕ್ಕ ಎರಡ ತಿಂಗಳ ಕಂತಿಗೆ ಹೋಗತಿತ್ತು, ಮೂರನೇ ತಿಂಗಳಿಗೆ ಮತ್ತದ ಹಾಡು. ನಾ ಹಳೇ ಕ್ಯಾಲೆಂಡರಿನ ಹಾಳಿ ತಗೊಂಡು ಅಕಿ ಜೋಡಿ ಲೆಕ್ಕಕ್ಕ ಕೂತೆ.

ಐದ ಕಿಲೋ ಬಿಳಿಜ್ವಾಳ, 55ರಂಗ 275. ಗಿರಣಿಗೆ 30. ಗ್ಯಾಸಿಗೆ 45. ಒಟ್ಟು 350. ಕಿಲೋಕ್ಕ ಇಪ್ಪತ್ತರಂಗ ನೂರು ರೊಟ್ಟಿ, ಅಂದ್ರ ಒಂದಕ್ಕ ಮೂರೂವರಿ ಖರ್ಚ ಬಿತ್ತು. ಅಂಗಡಿಯಾಂವ ಕೊಡೋದು 4, ಮಾರೋದು 8. ನಸಿಕ್ಲೆ ನಾಲ್ಕಕ್ಕೆದ್ದು ಒಲಿ ಮುಂದ ಕೂತದ್ದಕ್ಕ 50 ರೂಪಾಯಿ! ದಿನಾ ನಾಕನೂರು ಕೈಗೆ ಬರತಿತ್ತಲ್ಲ, ಅಕಿ ಅದನ್ನ ಗಳಿಕಿ ಅಂತ ತಿಳಕೊಂಡಿದ್ಲು. ಲೆಕ್ಕಾ ಕೇಳಿ ಸುಮ್ಮನ ಕೂತ್ಲು. ಆಮ್ಯಾಲೆ "ಐವತ್ತಾ?" ಅಂತ ಒಂದ ಮಾತ ಕೇಳಿದ್ಲು.

7ಕ್ಕ ಮನಿಮನಿಗೆ ಕೊಡು, 350 ಉಳೀತದ ಅಂದೆ. "ಯಾರ್ ತಗೋತಾರ್ರೀ" ಅಂತ ಅಂಜಿದ್ಲು. ಮದಲ ನಾನ ಮೂವತ್ತ ತಗೊಂಡೆ, ಬಾಜೂ ನಾಕ ಮನಿಗೆ ಹೇಳಿದೆ. ವಿದ್ಯಾನಗರದ ಕಡೆ ಹುಡುಗರ ರೂಮು, ಪಿಜಿ ರಗಡ ಅವ. ಅಲ್ಲಿಗೆ ತಾನ ಹೋಗಿ ಗಿರಾಕಿ ಹಿಡದ್ಲು. 2023ರಿಂದ ಹೆಣ್ಣಮಕ್ಕಳಿಗೆ ಬಸ್ ಚಾರ್ಜಿಲ್ಲ, ಬುಟ್ಟಿ ಹಿಡಕೊಂಡು ಹತ್ತಿದ್ರಾತು.

ರೊಕ್ಕ ಕೊಡೋದರ ಬದಲಿ ಸುಗ್ಗ್ಯಾಗ 45ರಂಗ ಐವತ್ತ ಕಿಲೋದ ಒಂದ ಚೀಲ ಜ್ವಾಳ ಕೊಡಿಸಿದೆ, 2250 ರೂಪಾಯಿ. ಪುಕ್ಕಟೆ ಅಲ್ಲ, ವಾರಕ್ಕ ಹತ್ತ ರೊಟ್ಟಿ ಕೊಟ್ಟು ತೀರಿಸಬೇಕು. ಎಂಟ ತಿಂಗಳಿಗೆ ತೀರಿಸಿದ್ಲು, ಒಂದ ವಾರನೂ ತಪ್ಪಸಲಿಲ್ಲ.

ಇದೆಲ್ಲಾದಕಿಂತ ತ್ರಾಸ ಕೊಟ್ಟದ್ದು ಬ್ಯಾಂಕಿನ ಖಾತೆ. ಖಾತೆ ಅಕಿದು, ಅದಕ್ಕ ಹಚ್ಚಿದ ಮೊಬೈಲ್ ನಂಬರ್ ಗಂಡಂದು! ಇಲ್ಲೆ ಇಕಿ ನೂರು ರೂಪಾಯಿ ಇಟ್ರ ಗೋವಾದಾಗ ಅವನ ಫೋನ್ ಟಿಂಗ್ ಅಂತಿತ್ತು. ಎರಡ ಸಲ ಫೋನ್ ಹಚ್ಚಿ ರೊಕ್ಕ ಕೇಳಿದ್ನಂತ, ಲಜ್ಜಿಗೇಡಿ. ಮೂರ ಸಲ ಅಡ್ಡಾಡಿ ನಂಬರ್ ಬದಲಿ ಮಾಡಿಸಿದ್ವಿ. ಅವತ್ತ ಅಕಿ ಮಾರಿ ನೋಡಬೇಕಿತ್ತು ನೀವು.

ಹೋದ ತಿಂಗಳ ಬಾಗಲಾಗ ನಿಂತು "ಜ್ವಾಳ ತುಟ್ಟಿ ಆಗೇತ್ರಿ ಅಕ್ಕಾರ, ಇನ್ಮ್ಯಾಲೆ ಎಂಟ್ ರೂಪಾಯಿ" ಅಂದ್ಲು. ಬಾಜೂಮನಿಯಾಕಿಗೆ ಸಿಟ್ಟ ಬಂತು, "ನೋಡ್ರಿ, ನಿಮಗ ರೇಟ್ ಏರಸ್ತಾಳ" ಅಂತ. ಏರಸಲಿ ಬಿಡ್ರಿ. ನಾ ಎಂಟ ಎಣಿಸಿ ಕೊಟ್ಟೆ.

ಗೃಹಲಕ್ಷ್ಮಿ 2000 ಮಾತ್ರ ಇನ್ನೂ ಅಕಿಗೆ ಬರಂಗಿಲ್ಲ. ರೇಶನ್ ಕಾರ್ಡಿನ್ಯಾಗ ಮನಿ ಯಜಮಾನಿ ಅಂತ ಅತ್ತಿ ಹೆಸರದ, ರೊಕ್ಕ ಅಲ್ಲಿಗೇ ಹೋಗ್ತದ. ಕಾರ್ಡ್ ಬ್ಯಾರೆ ಮಾಡಿಸಲಿಕ್ಕೆ ಅರ್ಜಿ ಕೊಟ್ಟೇವಿ. ಸೋಮವಾರ ಮತ್ತ ಆಫೀಸಿಗೆ ಹೋಗೂದದ. ಈ ಸಲ ಅಕಿ, "ನೀವ್ ಬರೂದ್ ಬ್ಯಾಡ್ರಿ ಅಕ್ಕಾರ, ನಾನ ಕೇಳ್ತೀನಿ" ಅಂದಾಳ.