ಚೀಲ ತುಂಬುವ ಮೊದಲು

ಬ್ಯಾಡಗಿ ಖಾರಪುಡಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಹಾವೇರಿ ಕಡೆಯ ಹುಡುಗರು ವಿದೇಶಕ್ಕೆ ಓದಲು ಹೊರಟರೆ ಚೀಲ ತುಂಬುವುದು ಅವ್ವಂದಿರ ಕೆಲಸ. ಅದನ್ನು ಅವರಿಗೇ ಬಿಡಿ. ಕಾಗದಪತ್ರ ಮಾತ್ರ ನೀವೇ ನೋಡಿಕೊಳ್ಳಿ.

ವೈದ್ಯಕೀಯಕ್ಕೆ ಹೋಗುವವರು ನೀಟ್ ಪಾಸಾಗಿರಲೇಬೇಕು. ಜೊತೆಗೆ 2021ರ ನಿಯಮದಂತೆ ಕೋರ್ಸ್ ಕನಿಷ್ಠ 54 ತಿಂಗಳಿರಬೇಕು, ಪಾಠ ಇಂಗ್ಲಿಷಿನಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಏಜೆಂಟರಿಗೆ ದುಡ್ಡು ಕೊಡುವ ಮೊದಲು ಇಷ್ಟನ್ನೂ ಕೇಳಿ.

ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಉಕ್ರೇನಿನ ಖಾರ್ಕಿವ್‌ನಲ್ಲಿ ನಾಲ್ಕನೇ ವರ್ಷದ ವೈದ್ಯಕೀಯ ಓದುತ್ತಿದ್ದ. 2022ರ ಮಾರ್ಚ್ 1ರಂದು ಊಟದ ಸಾಮಾನು ತರಲು ಹೊರಗೆ ಹೋದವನು ಯುದ್ಧದ ಶೆಲ್ ದಾಳಿಗೆ ಬಲಿಯಾದ. ಮಗ ಡಾಕ್ಟರಾಗಬೇಕೆಂದಿದ್ದ ಅಪ್ಪ-ಅವ್ವ ಅವನ ದೇಹವನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಇಂದಿಗೂ ಚಳಗೇರಿ ದಾಟುವಾಗ ನನಗೆ ಮಾತು ಹೊರಡುವುದಿಲ್ಲ.

ಯಾವ ನೋಂದಣಿಯೂ ಶೆಲ್ಲನ್ನು ತಡೆಯದು, ನಿಜ. ಆದರೂ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ವಿದ್ಯಾರ್ಥಿಯಾಗಿ ಹೆಸರು ಬರೆಸಿ. ಇಳಿದ ವಾರದಲ್ಲೇ ನಿಮ್ಮ ವಿಳಾಸ, ಫೋನ್ ನಂಬರನ್ನು ಭಾರತೀಯ ರಾಯಭಾರ ಕಚೇರಿಗೆ ತಿಳಿಸಿ. ಕಷ್ಟ ಬಂದಾಗ ಹುಡುಕುವವರಿಗೆ ನೀವು ಎಲ್ಲಿದ್ದೀರೆಂದು ಗೊತ್ತಿರಬೇಕು. ನಿಮ್ಮ ಮನೆಯಿಂದ ಈ ವರ್ಷ ಯಾರಾದರೂ ಹೊರಟಿದ್ದರೆ ಇವತ್ತೇ ಕೇಳಿ: “ಹೆಸರು ಬರಿಸೀಯೇನಪಾ?”